ಮದರ್ ಸರಣಿಯ ಮೂರು ಆಟಗಳಲ್ಲಿ ಮೊದಲು ಯಾವುದನ್ನು ಆಡಬೇಕು?

ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಮದರ್’ ಸರಣಿಯಲ್ಲಿ ಇರುವುದು ಮೂರೇ ವಿಡಿಯೊ ಆಟಗಳು. ಅವು ಕ್ರಮವಾಗಿ 1989, 1994 ಮತ್ತು 2006ರಲ್ಲಿ ಬಂದವು. ನಾಲ್ಕನೆಯದನ್ನು ಮಾಡುವ ಯೋಚನೆ ತಮಗಿಲ್ಲವೆಂದು ಅವುಗಳ ಕರ್ತೃ ಶಿಗೆಸಾತೊ ಇತೊಯಿ ಅವರೇ ಹಲವು ಬಾರಿ ಹೇಳಿದ್ದಾರೆ. ಮೂರೇ ಇರುವಾಗ ಆಯ್ಕೆ ಸುಲಭವಾಗಬೇಕಿತ್ತು, ಆದರೆ ಹಾಗಾಗಿಲ್ಲ. ಸಂಖ್ಯೆಯನ್ನು ನಂಬಿ ಒಂದನೆಯದರಿಂದ ಶುರು ಮಾಡಿದವರಲ್ಲಿ ಹಲವರು ಬೇಸತ್ತು ನಡುವೆಯೇ ಕೈಬಿಡುತ್ತಾರೆ. ಮೂರನೆಯದರ ಕೀರ್ತಿಯನ್ನು ಕೇಳಿ ನೇರವಾಗಿ ಅದಕ್ಕೇ ಕೈಹಾಕಿದವರು ಅದನ್ನು ಮುಗಿಸುತ್ತಾರಾದರೂ ಅದರೊಳಗಿನ ಒಂದು ದೊಡ್ಡ ಆಘಾತವು ಅವರಿಗೆ ತಟ್ಟುವುದೇ ಇಲ್ಲ. ಮೊದಲು ಎರಡನೆಯದು, ಆಮೇಲೆ ಮೂರನೆಯದು, ಮನಸ್ಸಿದ್ದರೆ ಕೊನೆಗೆ ಒಂದನೆಯದು ಎಂಬುದು ನನ್ನ ಶಿಫಾರಸು. ಈ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಯಾರಿಗೆ ಏಕೆ ಹೊಂದುವುದಿಲ್ಲ ಎಂಬುದನ್ನೂ ಆಯಾ ಆಟದ ಮಾತು ಬಂದಾಗ ಹೇಳುತ್ತೇನೆ.

ಹೆಸರುಗಳ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಜಪಾನಿನಲ್ಲಿ ‘ಮದರ್ 2’ ಎನ್ನಿಸಿಕೊಂಡ ಆಟವು ಹೊರದೇಶಗಳಲ್ಲಿ ‘ಅರ್ಥ್‌ಬೌಂಡ್’ ಎಂಬ ಹೆಸರಿನಲ್ಲಿ ಬಂದಿತು. ಅದಕ್ಕಿಂತ ಹಿಂದಿನ ‘ಮದರ್’ ಹೊರದೇಶಗಳನ್ನು ತಲುಪಿದ್ದು ಬಹಳ ತಡವಾಗಿ, ‘ಅರ್ಥ್‌ಬೌಂಡ್ ಬಿಗಿನಿಂಗ್ಸ್’ ಎಂಬ ಹೆಸರಿನಲ್ಲಿ. ‘ಮದರ್ 3’ಕ್ಕೆ ಬೇರೆ ಹೆಸರಿಲ್ಲ, ಏಕೆಂದರೆ ಅದು ಅಧಿಕೃತವಾಗಿ ಜಪಾನಿನಿಂದ ಆಚೆಗೆ ಬಂದೇ ಇಲ್ಲ.

ಮೂರಕ್ಕೂ ಸಮಾನವಾದ ಗುಣವೆಂದರೆ, ಇವು ಪಾತ್ರಗಳನ್ನು ಬೆಳೆಸುತ್ತ ಕಥೆಯಲ್ಲಿ ಸಾಗುವ ರೋಲ್ ಪ್ಲೇಯಿಂಗ್ ಆಟಗಳಾಗಿದ್ದರೂ ಇವುಗಳಲ್ಲಿ ಖಡ್ಗ ಹಿಡಿದ ವೀರರ, ಕೋಟೆಯಲ್ಲಿ ಸೆರೆಯಾದ ರಾಜಕುಮಾರಿಯರ ಕಥೆಯಿಲ್ಲ. ಮೊದಲೆರಡು ಆಟಗಳ ನಾಯಕ ಟೋಪಿ ತೊಟ್ಟು ಬೇಸ್‌ಬಾಲ್ ಬ್ಯಾಟ್ ಹಿಡಿದು, ಹಸಿವಾದರೆ ಹ್ಯಾಂಬರ್ಗರ್ ತಿನ್ನುತ್ತ, ಅಮೆರಿಕದ ಸಣ್ಣ ಊರುಗಳನ್ನು ಹೋಲುವ ಊರುಗಳಲ್ಲಿ ಅಲೆಯುವ ಹುಡುಗ. ಇತೊಯಿ ಅವರು ಮೂಲತಃ ಜಾಹೀರಾತಿನ ಸಾಲುಗಳನ್ನು ಬರೆದು ಹೆಸರಾದವರು; ಒಂದೇ ಸಾಲಿನಲ್ಲಿ ಓದುಗನನ್ನು ನಿಲ್ಲಿಸುವ ಆ ಕೈಚಳಕ ಆಟದೊಳಗಿನ ಪ್ರತಿ ದಾರಿಹೋಕನ ಮಾತಿನಲ್ಲೂ ಕಾಣುತ್ತದೆ. ಆದ್ದರಿಂದ ಎಲ್ಲರೊಡನೆಯೂ ಮಾತನಾಡುವ, ಗೋಡೆಯ ಫಲಕವನ್ನೂ ಓದದೆ ಮುಂದೆ ಹೋಗದ ಅಭ್ಯಾಸ ಇರುವವರಿಗೆ ಈ ಸರಣಿ ಹೇಳಿ ಮಾಡಿಸಿದ್ದು. ಮಾತುಗಳನ್ನು ಸರಸರನೆ ದಾಟಿಸಿ ಕಾದಾಟಕ್ಕೆ ಓಡುವವರಿಗೆ ಮೂರರಲ್ಲಿ ಯಾವುದೂ ರುಚಿಸಲಾರದು.

ಎರಡನೆಯದು: ಅರ್ಥ್‌ಬೌಂಡ್

ನನಗೆ ಈ ಸರಣಿಯ ಪರಿಚಯವಾದದ್ದು ಅಮೆರಿಕದಲ್ಲಿರುವ ಅಕ್ಕನ ಮನೆಯಲ್ಲಿ. ಅವಳ ಮಗ, ನಿಂಟೆಂಡೊದ ಬೇರೆ ಬೇರೆ ಆಟಗಳ ಪಾತ್ರಗಳು ಒಟ್ಟಿಗೆ ಸೆಣಸುವ ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಡುವಾಗಲೆಲ್ಲ ಕೆಂಪು ಟೋಪಿಯ ಹುಡುಗನೊಬ್ಬನನ್ನೇ ಆರಿಸಿಕೊಳ್ಳುತ್ತಿದ್ದ. ಇವನು ಯಾವ ಆಟದವನೋ ಎಂದು ಕೇಳಿದರೆ, “ಗೊತ್ತಿಲ್ಲ ಚಿಕ್ಕಮ್ಮ, ಚೆನ್ನಾಗಿ ಹೊಡೀತಾನೆ ಅಷ್ಟೆ” ಎಂದು ಪರದೆಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದ. ಆ ಹುಡುಗನೇ ಅರ್ಥ್‌ಬೌಂಡ್‌ನ ನಾಯಕ ನೆಸ್. 1999ರ ಮೊದಲ ಸ್ಮ್ಯಾಶ್‌ನಿಂದಲೂ ಅವನು ಅಲ್ಲಿದ್ದಾನೆ. ಮೂಲ ಆಟವನ್ನು ಕಣ್ಣಿನಿಂದಲೂ ಕಾಣದ ಅದೆಷ್ಟೋ ಮಂದಿಗೆ ಅವನು ಪರಿಚಿತನಾದದ್ದು ಹೀಗೆ ಹಿಂಬಾಗಿಲಿನಿಂದಲೇ. ಅದೇ ಮನೆಯಲ್ಲಿ 2017ರಲ್ಲಿ ನಿಂಟೆಂಡೊ ಮಾರಿದ ಸೂಪರ್ ನಿಂಟೆಂಡೊ ಕ್ಲಾಸಿಕ್ ಎಂಬ ಪುಟ್ಟ ಪೆಟ್ಟಿಗೆಯೂ ಇತ್ತು. ಅದರೊಳಗಿದ್ದ 21 ಆಟಗಳಲ್ಲಿ ಅರ್ಥ್‌ಬೌಂಡ್ ಕೂಡ ಒಂದು.

ಆಟ ತೊಡಗುವ ಮುನ್ನ ನಾಲ್ವರು ಮಕ್ಕಳ ಹೆಸರು, ಸಾಕುನಾಯಿಯ ಹೆಸರು, ನಿಮಗೆ ಇಷ್ಟವಾದ ತಿಂಡಿ, ಇಷ್ಟವಾದ ವಸ್ತು ಎಲ್ಲವನ್ನೂ ಕೇಳುತ್ತದೆ. ತಿಂಡಿಯ ಹೆಸರಿಗೆ ಇರುವುದು ಆರೇ ಇಂಗ್ಲಿಷ್ ಅಕ್ಷರಗಳ ಜಾಗ. ಬಿಸಿಬೇಳೆಬಾತು, ಚಿತ್ರಾನ್ನ, ಅಕ್ಕಿರೊಟ್ಟಿ ಯಾವುದೂ ಹಿಡಿಸಲಿಲ್ಲ. ಕೊನೆಗೆ ದೋಸೆ ಎಂದು ಬರೆದೆ. ಈ ಪ್ರಶ್ನೆಗೆ ಉಡಾಫೆಯ ಉತ್ತರ ಕೊಡಬೇಡಿ ಎಂಬುದು ನನ್ನ ಮೊದಲ ಸಲಹೆ. ದಾರಿಯಲ್ಲಿ ಪೆಟ್ಟು ತಿಂದು ಮನೆಗೆ ಮರಳಿದಾಗ ನೆಸ್‌ನ ತಾಯಿ ಅವನಿಗೆ ಮಾಡಿಬಡಿಸುವುದು ನೀವು ಬರೆದ ಆ ತಿಂಡಿಯನ್ನೇ. ಇಷ್ಟವಾದ ವಸ್ತುವಿನ ಹೆಸರಾದರೋ ಅವನ ಅತಿ ದೊಡ್ಡ ಮಾನಸಿಕ ಶಕ್ತಿಯ ಹೆಸರಾಗಿ ಕೊನೆಯವರೆಗೂ ಪರದೆಯ ಮೇಲೆ ಮೆರೆಯುತ್ತದೆ.

ಹೊಸಬರಿಗೆ ಇದನ್ನೇ ಮೊದಲು ಆಡಲು ಹೇಳುವುದಕ್ಕೆ ಮುಖ್ಯ ಕಾರಣ ಕಾದಾಟದ ವ್ಯವಸ್ಥೆ. ವೈರಿಗಳು ದಾರಿಯಲ್ಲಿ ಕಣ್ಣಿಗೆ ಕಾಣಿಸುತ್ತಾರೆ, ಬೇಡವೆಂದರೆ ಸುತ್ತು ಬಳಸಿ ತಪ್ಪಿಸಿಕೊಳ್ಳಬಹುದು. ನೀವು ಸಾಕಷ್ಟು ಬಲಿತ ಮೇಲೆ ದುರ್ಬಲ ವೈರಿಗಳು ನಿಮ್ಮನ್ನು ಕಂಡು ತಾವೇ ಓಡುತ್ತಾರೆ; ಅಂಥವರನ್ನು ಮುಟ್ಟಿದರೆ ಕಾದಾಟದ ಪರದೆಯೂ ತೆರೆಯದೆ ಗೆಲುವು ದಾಖಲಾಗುತ್ತದೆ. ಇನ್ನೂ ಚೆಂದದ ಉಪಾಯವೆಂದರೆ ಪ್ರಾಣಬಲದ ಲೆಕ್ಕ. ಪೆಟ್ಟು ಬಿದ್ದ ಕೂಡಲೇ ಅಂಕಿ ಒಮ್ಮೆಲೇ ಕುಸಿಯುವುದಿಲ್ಲ, ಹಳೆಯ ಸ್ಕೂಟರಿನ ಮೀಟರಿನಂತೆ ಒಂದೊಂದೇ ಅಂಕಿಯಾಗಿ ಉರುಳುತ್ತ ಇಳಿಯುತ್ತದೆ. ಸಾಯಿಸುವಷ್ಟು ದೊಡ್ಡ ಪೆಟ್ಟು ಬಿದ್ದರೂ ಅಂಕಿ ಸೊನ್ನೆಗೆ ತಲುಪುವುದರೊಳಗೆ ಮದ್ದು ಕೊಟ್ಟರೆ ಅಥವಾ ಕಾದಾಟವನ್ನೇ ಮುಗಿಸಿಬಿಟ್ಟರೆ ಆ ಹುಡುಗ ಬದುಕುತ್ತಾನೆ. ಸರದಿಯ ಪ್ರಕಾರ ಆಡುವ, ಸಾವಧಾನದ ಆಟವೊಂದರಲ್ಲಿ ಹೀಗೆ ಎದೆ ಹೊಡೆದುಕೊಳ್ಳುವಂತೆ ಮಾಡುವ ಕ್ಷಣಗಳನ್ನು ನಾನು ಬೇರೆಡೆ ಕಂಡದ್ದು ಕಡಿಮೆ.

ಆದರೂ ಜನ ಈ ಆಟವನ್ನು ನೆನೆಯುವುದು ಮಾತುಗಳಿಗಾಗಿ. ಹಣ ಬೇಕಾದರೂ ಆಟವನ್ನು ಸೇವ್ ಮಾಡಬೇಕಾದರೂ ದಾರಿಯ ಫೋನಿನಿಂದ ಅಪ್ಪನಿಗೆ ಕರೆ ಮಾಡಬೇಕು. ಅಪ್ಪ ಬ್ಯಾಂಕಿಗೆ ಹಣ ಹಾಕುತ್ತಾನೆ, ಬಹಳ ಹೊತ್ತು ಆಡಿದರೆ ತಾನೇ ಕರೆ ಮಾಡಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳೆಂದು ಹೇಳುತ್ತಾನೆ, ಆದರೆ ಒಮ್ಮೆಯೂ ಮುಖ ತೋರಿಸುವುದಿಲ್ಲ. ಮನೆಯ ನೆನಪು ಕಾಡತೊಡಗಿದರೆ ನೆಸ್ ಕಾದಾಟದ ನಡುವೆಯೇ ಮಂಕಾಗಿ ನಿಂತುಬಿಡುತ್ತಾನೆ, ಆಗ ಅಮ್ಮನಿಗೆ ಒಂದು ಕರೆ ಮಾಡಿದರೆ ಸರಿಹೋಗುತ್ತಾನೆ. ಊರಿಂದ ದೂರ ಹಾಸ್ಟೆಲಿನಲ್ಲಿದ್ದು ಎಸ್‌ಟಿಡಿ ಬೂತಿನ ಎದುರು ಸರದಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಪ್ರಸಂಗ: ವಸತಿಶಾಲೆಯಿಂದ ತಪ್ಪಿಸಿಕೊಂಡು ಬಂದ ಜೆಫ್ ಎಂಬ ಹುಡುಗ ಹತ್ತು ವರ್ಷಗಳ ಮೇಲೆ ತನ್ನ ವಿಜ್ಞಾನಿ ತಂದೆಯನ್ನು ಭೇಟಿಯಾಗುತ್ತಾನೆ. ತಂದೆ ಅವನನ್ನು ಗುರುತಿಸಲು ತಡವರಿಸಿ, ತಿನ್ನಲು ಏನಾದರೂ ಬೇಕೆ ಎಂದು ವಿಚಾರಿಸಿ, ತಾನು ಕಟ್ಟಿದ ಯಂತ್ರದಲ್ಲಿ ಕೂರಿಸಿ, ಇನ್ನು ಹತ್ತು ವರ್ಷ ಬಿಟ್ಟು ಮತ್ತೆ ಸೇರೋಣ ಎಂದು ಬೀಳ್ಕೊಡುತ್ತಾನೆ. ಅಷ್ಟೇ ಮಾತು. ಮೊದಲು ನಗು ಬರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಆ ನಗುವಿಗೆ ನಾಚಿಕೆಯಾಗುತ್ತದೆ. ಇಡೀ ಸರಣಿಯ ರೀತಿ ಅದೇ.

ಈ ಆಟ ಹೊರಬಂದದ್ದೇ ಒಂದು ಪವಾಡ. ಕೆಲಸ ಅಸ್ತವ್ಯಸ್ತವಾಗಿ ನಿಂತುಹೋಗಿದ್ದಾಗ ಹಾಲ್ ಲ್ಯಾಬೊರೇಟರಿ ಎಂಬ ಆಟ ತಯಾರಿಸುವ ಸಂಸ್ಥೆಯಿಂದ ಬಂದ ಸಾತೊರು ಇವಾತಾ, ಇರುವುದನ್ನೇ ತಿದ್ದುತ್ತ ಹೋದರೆ ಎರಡು ವರ್ಷ ಬೇಕು, ಮೊದಲಿನಿಂದ ಕಟ್ಟಲು ಬಿಟ್ಟರೆ ಆರು ತಿಂಗಳು ಸಾಕು ಎಂದು ಹೇಳಿ ಅದನ್ನು ದಡ ಮುಟ್ಟಿಸಿದರು. ಮುಂದೆ ನಿಂಟೆಂಡೊದ ಅಧ್ಯಕ್ಷರಾದವರು ಇವರೇ. ಅಮೆರಿಕದಲ್ಲಿ ಮಾತ್ರ 1995ರಲ್ಲಿ ಅದಕ್ಕೆ ಅದೃಷ್ಟವಿರಲಿಲ್ಲ. ಈ ಆಟ ನಾರುತ್ತದೆ ಎಂಬ ಅರ್ಥದ ಘೋಷಣೆಯೊಡನೆ, ಉಜ್ಜಿದರೆ ದುರ್ವಾಸನೆ ಬೀರುವ ಚೀಟಿಗಳನ್ನು ಹಂಚಿ ಪ್ರಚಾರ ಮಾಡಿದರು, ಜನ ನಿಜವಾಗಿಯೂ ಮೂಗು ಮುಚ್ಚಿಕೊಂಡರು. ಅಲ್ಲಿ ಮಾರಾಟವಾದದ್ದು ಸುಮಾರು 1,40,000 ಪ್ರತಿಗಳು ಮಾತ್ರ. ಇಂದು ಆ ಆಟವನ್ನು ತುಂಬಿದ ಮೂಲ ಕಾರ್ಟ್ರಿಜ್‌ಗಳಿಗೆ ಇರುವ ವಿಪರೀತ ಬೆಲೆಗೆ ಆ ಸೋಲೂ ಒಂದು ಕಾರಣ.

ದೋಷಗಳೂ ಇವೆ. ಒಬ್ಬೊಬ್ಬ ಪಾತ್ರ ಹೊರಬಹುದಾದದ್ದು 14 ವಸ್ತುಗಳನ್ನು ಮಾತ್ರ, ಅದರಲ್ಲೂ ಎಸೆಯಲಾಗದ ವಸ್ತುಗಳು ಅರ್ಧ ಜಾಗ ತಿನ್ನುತ್ತವೆ. ಮಾತನಾಡಲು, ಪರೀಕ್ಷಿಸಲು ಮೆನು ತೆರೆಯಬೇಕೆಂಬುದು ಮೇಲುನೋಟದ ನಿಯಮ, ಆದರೆ ಕಂಟ್ರೋಲರಿನ ಎಡ ಮೇಲಂಚಿನ ಎಲ್ ಬಟನ್ ಒತ್ತಿದರೆ ಎರಡೂ ನೇರವಾಗಿ ಆಗುತ್ತವೆ. ಇದನ್ನು ತಿಳಿಯದೆ ಬೇಸರಪಟ್ಟು ಬಿಟ್ಟವರನ್ನು ನಾನು ಕಂಡಿದ್ದೇನೆ. ನೆಸ್ ಒಂಟಿಯಾಗಿ ತಿರುಗುವ ಮೊದಲ ಕೆಲವು ಗಂಟೆಗಳೇ ಅತ್ಯಂತ ಕಷ್ಟದವು. ಸೋತರೆ ಕೈಯಲ್ಲಿರುವ ಹಣದಲ್ಲಿ ಅರ್ಧ ಹೋಗುತ್ತದೆಯಾದ್ದರಿಂದ ಹಣವನ್ನು ಎಟಿಎಂನಲ್ಲೇ ಬಿಟ್ಟು, ಬೇಕಾದಷ್ಟನ್ನೇ ತೆಗೆಯುವ ರೂಢಿ ಮಾಡಿಕೊಳ್ಳಿ. ನಾಲ್ವರು ಮಕ್ಕಳಲ್ಲಿ ಒಬ್ಬಳಾದ ಪೌಲಾ ಜೊತೆಗೂಡಿದ ಮೇಲೆ ದಾರಿ ಹಗುರಾಗುತ್ತದೆ. ನಡುವೆ ಒಮ್ಮೆ ಆಟವು ಆಡುತ್ತಿರುವ ನಿಮ್ಮ ಹೆಸರನ್ನೂ ಕೇಳುತ್ತದೆ; ಅಡ್ಡಹೆಸರು ಬೇಡ, ನಿಜವಾದ ಹೆಸರನ್ನೇ ಕೊಡಿ. ಕಾರಣವನ್ನು ಇಲ್ಲಿ ಹೇಳಿದರೆ ಕೊನೆಯ ಕಾದಾಟದ ಸೊಗಸು ಕೆಟ್ಟೀತು.

ಮೂರನೆಯದು: ಕಥೆಗೆ ಇದಕ್ಕೆ ಸಾಟಿಯಿಲ್ಲ

ಒಳ್ಳೆಯ ಆಟ ಯಾವುದು ಎಂದು ಕೇಳಿದರೆ ನಾನು ಮದರ್ 3ರ ಹೆಸರನ್ನೇ ಹೇಳುತ್ತೇನೆ. ಮೊದಲು ಆಡಬೇಕಾದ ಆಟ ಯಾವುದು ಎಂಬುದು ಬೇರೆಯೇ ಪ್ರಶ್ನೆ. ನಿಂಟೆಂಡೊ 64 ಯಂತ್ರಕ್ಕಾಗಿ ವರ್ಷಗಟ್ಟಲೆ ತಯಾರಾಗುತ್ತಿದ್ದ ಅದನ್ನು 2000ದ ಆಗಸ್ಟ್‌ನಲ್ಲಿ ಕೈಬಿಡಲಾಯಿತು. ಮತ್ತೆ ಎತ್ತಿಕೊಂಡು ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ ಹೊಸದಾಗಿ ರೂಪಿಸಿ 2006ರ ಏಪ್ರಿಲ್ 20ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದರು.

ಕಥೆ ಎಂಟು ಅಧ್ಯಾಯಗಳಲ್ಲಿ ಸಾಗುತ್ತದೆ, ಮೊದಲರ್ಧದಲ್ಲಿ ಅಧ್ಯಾಯ ಬದಲಾದಂತೆ ನೀವು ಆಡುವ ಪಾತ್ರವೂ ಬದಲಾಗುತ್ತದೆ. ನಡೆಯುವುದೆಲ್ಲ ಒಂದು ದ್ವೀಪದ ಟಾಜ್ಮಿಲಿ ಎಂಬ ಹಳ್ಳಿಯ ಸುತ್ತ. ಮೊದಲಲ್ಲಿ ಆ ಹಳ್ಳಿಯಲ್ಲಿ ಹಣವೆಂಬುದೇ ಇಲ್ಲ, ಅಂಗಡಿಯಲ್ಲಿ ಬೇಕಾದದ್ದನ್ನು ಸುಮ್ಮನೆ ಕೇಳಿ ತೆಗೆದುಕೊಳ್ಳಬಹುದು. ನಾಲ್ಕನೆಯ ಅಧ್ಯಾಯದ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ಹಳ್ಳಿಗೆ ಹಣ ಬಂದಿರುತ್ತದೆ, ಮನೆಮನೆಯಲ್ಲೂ ಮಿನುಗುವ ‘ಹ್ಯಾಪಿ ಬಾಕ್ಸ್’ ಕುಳಿತಿರುತ್ತದೆ, ಹಿಂದೆ ಹೆಸರು ಹಿಡಿದು ಮಾತನಾಡಿಸುತ್ತಿದ್ದವರು ಈಗ ಮುಖ ತಿರುಗಿಸುತ್ತಾರೆ. ಊರೊಂದು ಬದಲಾಗುವುದನ್ನು ಭಾಷಣವಿಲ್ಲದೆ, ಅಂಗಡಿಯವನ ವರಸೆಯಲ್ಲಿ ಮಾತ್ರ ತೋರಿಸಿದ ಈ ಅಧ್ಯಾಯವನ್ನು ನಾನು ಸರಣಿಯ ಶಿಖರವೆಂದು ಎಣಿಸುತ್ತೇನೆ.

ಮೊದಲೆರಡು ಆಟಗಳನ್ನು ಇದರ ಪಕ್ಕಕ್ಕಿಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿ ಅಪ್ಪ ಬರೀ ಫೋನಿನ ದನಿ, ಅಮ್ಮ ಮನೆಯಲ್ಲಿ ಕಾಯುತ್ತಿರುವವಳು. ಇಲ್ಲಿ ಫೋನಿಲ್ಲ, ಆಟವನ್ನು ಸೇವ್ ಮಾಡಿಕೊಡುವುದು ದಾರಿಬದಿಯ ಕಪ್ಪೆಗಳು. ಅಪ್ಪನಾದ ಫ್ಲಿಂಟ್ ಕಣ್ಣೆದುರೇ ಇದ್ದಾನೆ, ಮೊದಲ ಅಧ್ಯಾಯದಲ್ಲಿ ನೀವು ಆಡುವುದೂ ಅವನಾಗಿಯೇ. ಆದರೆ ಆ ಅಧ್ಯಾಯ ಮುಗಿಯುವುದರೊಳಗೆ ಆ ಮನೆಯ ಮೇಲೆ ಎರಗುವ ಸಾವು ಅವನನ್ನು ಫೋನಿನ ಅಪ್ಪಂದಿರಿಗಿಂತಲೂ ದೂರಕ್ಕೆ ಒಯ್ಯುತ್ತದೆ. ಹಿಂದಿನ ಆಟವನ್ನು ಆಡಿದವರಿಗೆ ಈ ಮೌನ ಎರಡು ಪಟ್ಟು ಕೇಳಿಸುತ್ತದೆ. ಜೊತೆಗೆ ಅರ್ಥ್‌ಬೌಂಡ್‌ನ ಪಾತ್ರವೊಂದು ಇಲ್ಲಿ ಮರಳಿ ಬರುತ್ತದೆ. ಅದು ಯಾರು ಎಂಬುದು ಬಯಲಾಗುವ ಗಳಿಗೆ, ಎರಡನೆಯದನ್ನು ಆಡದವರಿಗೆ ಕೇವಲ ಒಂದು ಹೊಸ ಹೆಸರು. ನಾನು ಕ್ರಮದ ವಿಷಯದಲ್ಲಿ ಹಟ ಹಿಡಿಯುವುದು ಇದೊಂದಕ್ಕಾಗಿ.

ಕಾದಾಟದಲ್ಲಿ ಒಂದು ಸೊಗಸಾದ ಹೊಸತಿದೆ. ಹಿನ್ನೆಲೆಯ ಸಂಗೀತದ ತಾಳಕ್ಕೆ ಸರಿಯಾಗಿ ಬಟನ್ ಒತ್ತುತ್ತ ಹೋದರೆ ಒಂದು ಹೊಡೆತ ಸತತ 16 ಹೊಡೆತಗಳವರೆಗೆ ಬೆಳೆಯುತ್ತದೆ. ಕೆಲವು ರಾಗಗಳ ನಡೆ ನಡುವೆಯೇ ಬದಲಾಗುತ್ತದೆ, ಮೃದಂಗ ಕಲಿತವರೂ ತಡವರಿಸುವಂತೆ. ತಾಳ ಸಿಗದಿದ್ದರೆ ವೈರಿಯನ್ನು ನಿದ್ರೆಗೆ ಕೆಡವಿ. ಆಗ ಎದೆಬಡಿತದ ರೂಪದಲ್ಲಿ ತಾಳ ಸ್ಪಷ್ಟವಾಗಿ ಕೇಳುತ್ತದೆ. ಇದು ಬಾರದಿದ್ದರೂ ಆಟ ಮುಗಿಸಲು ತೊಂದರೆಯಿಲ್ಲ. ಮುಖ್ಯ ವಸ್ತುಗಳಿಗೆ ಪ್ರತ್ಯೇಕ ಚೀಲವಿದೆ, ಓಡಲು ಬರುತ್ತದೆ, ಮೆನುಗಳು ಚುರುಕಾಗಿವೆ. ಹಳೆಯ ಆಟಗಳ ಜಡತೆಯನ್ನು ಸಹಿಸಲಾಗದವರು, ಒಂದೇ ಒಂದು ಆಟವನ್ನು ಆಡುವಷ್ಟು ಮಾತ್ರ ಸಮಯವಿರುವವರು ನನ್ನ ಕ್ರಮವನ್ನು ಬದಿಗಿಟ್ಟು ನೇರ ಇದನ್ನೇ ಆಡಬಹುದು. ಚಿಕ್ಕ ಮಕ್ಕಳಿಗೆ ಕೊಡುವವರು ಮಾತ್ರ ಆ ಮೊದಲ ಅಧ್ಯಾಯವನ್ನು ತಾವು ಮುಂಚೆ ನೋಡಿಕೊಳ್ಳುವುದು ಒಳಿತು.

ಭಾಷೆಯ ತೊಡಕು ಉಳಿಯುತ್ತದೆ. ಅಧಿಕೃತ ಇಂಗ್ಲಿಷ್ ಆವೃತ್ತಿ ಇಂದಿಗೂ ಇಲ್ಲ. ವೃತ್ತಿಯಿಂದ ಅನುವಾದಕರಾದ ಕ್ಲೈಡ್ ಮ್ಯಾಂಡೆಲಿನ್ ಅವರ ಮುಂದಾಳತ್ವದಲ್ಲಿ ಅಭಿಮಾನಿಗಳು ಸಂಭಾವನೆಯಿಲ್ಲದೆ ಮಾಡಿದ ಅನುವಾದ 2008ರ ಅಕ್ಟೋಬರ್‌ನಲ್ಲಿ ಹೊರಬಂತು. ಇಂಗ್ಲಿಷ್ ಬಲ್ಲ ಜಗತ್ತು ಈ ಆಟವನ್ನು ಅರಿತದ್ದು ಬಹುಮಟ್ಟಿಗೆ ಅದರಿಂದಲೇ. ಗುಣಮಟ್ಟದಲ್ಲಿ ಅದು ಅಧಿಕೃತ ಕೆಲಸಕ್ಕೆ ಏನೇನೂ ಕಡಿಮೆಯಿಲ್ಲ. ಜಪಾನಿ ಕಲಿಯುತ್ತಿರುವವರಿಗೆ ಒಂದು ಮಾತು: ಇದರ ಪಠ್ಯ ಕಾಂಜಿ ಎಂಬ ಚೀನೀ ಮೂಲದ ಚಿತ್ರಾಕ್ಷರಗಳಿಲ್ಲದೆ, ಉಚ್ಚಾರಣೆಯನ್ನೇ ಬರೆಯುವ ಹಿರಗಾನ, ಕತಕಾನ ಲಿಪಿಗಳಲ್ಲೇ ಇದೆ, ಆದ್ದರಿಂದ ಓದಲು ಬರುತ್ತದೆ. ಆದರೆ ಹಳ್ಳಿಗರ ಆಡುಮಾತು ತರಗತಿಯ ಜಪಾನಿಗಿಂತ ಬಹಳ ದೂರ.

ಒಂದನೆಯದು, ಕೊನೆಗೆ

1989ರ ಮದರ್‌ನ ಆರಂಭ ಮೂರರಲ್ಲೂ ವಿಚಿತ್ರವಾದದ್ದು. ಮಲಗುವ ಕೋಣೆಯ ದೀಪವೇ ಎದ್ದು ಬಂದು ಹುಡುಗನ ಮೇಲೆ ಬೀಳುತ್ತದೆ. ಆಮೇಲೆ ತಂಗಿಯ ಕೋಣೆಯಲ್ಲಿ ಒಂದು ಗೊಂಬೆ; ಅದನ್ನು ಸೋಲಿಸಿ ಪರೀಕ್ಷಿಸಿದರೆ ಒಳಗಿನ ಸಂಗೀತ ಪೆಟ್ಟಿಗೆಯಿಂದ ಒಂದು ಸ್ವರಮಾಲೆ ಕೇಳಿಸುತ್ತದೆ. ಹೀಗೆ ಚದುರಿದ ಎಂಟು ತುಣುಕುಗಳನ್ನು ಒಂದು ಕ್ಯಾನರಿ ಹಕ್ಕಿಯಿಂದ, ಮೃಗಾಲಯದ ಕೋತಿಯಿಂದ, ಮರುಭೂಮಿಯ ಕಳ್ಳಿಗಿಡದಿಂದ ಕಲಿತು ಕೂಡಿಸುವುದೇ ಕಥೆ. ಕೆಯಿಚಿ ಸುಜುಕಿ ಮತ್ತು ಹಿರೊಕಾಜು ತನಾಕಾ ಅವರ ಸಂಗೀತ ಇಷ್ಟು ಹಳೆಯ ಯಂತ್ರದಿಂದ ಬರುತ್ತಿದೆಯೆಂದು ನಂಬುವುದೇ ಕಷ್ಟ.

ಅಷ್ಟನ್ನು ಮೆಚ್ಚಿದ ಮೇಲೂ ಇದನ್ನು ಹೊಸಬರ ಕೈಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ. ವೈರಿಗಳು ಕಾಣಿಸುವುದಿಲ್ಲ, ನಾಲ್ಕು ಹೆಜ್ಜೆ ನಡೆಯುವುದರೊಳಗೆ ಕಾದಾಟ ಎದುರಾಗುತ್ತದೆ, ನಕ್ಷೆ ವಿಶಾಲವಾಗಿದ್ದು ದಾರಿ ತಪ್ಪುವುದು ಸಹಜ, ಕೊನೆಯ ಬೆಟ್ಟವಂತೂ ಅದುವರೆಗಿನ ಎಲ್ಲ ಲೆಕ್ಕಾಚಾರವನ್ನೂ ಬುಡಮೇಲು ಮಾಡುವಷ್ಟು ಕ್ರೂರ. 1990ರಲ್ಲೇ ಇಂಗ್ಲಿಷ್ ಆವೃತ್ತಿ ಸಿದ್ಧವಾಗಿ, ಬಿಡುಗಡೆಯಾಗದೆ ಉಳಿದು, ಅಧಿಕೃತವಾಗಿ ಬೆಳಕು ಕಂಡದ್ದು 2015ರ ಜೂನ್‌ನಲ್ಲಿ. ಒಂದು ಸಮಾಧಾನವೆಂದರೆ ಆ ಆವೃತ್ತಿಯಲ್ಲಿ ಓಡುವ ಬಟನ್ ಸೇರಿಸಿದ್ದಾರೆ, ಮುಕ್ತಾಯವನ್ನೂ ಹಿಗ್ಗಿಸಿದ್ದಾರೆ. ಎರಡು, ಮೂರು ಮುಗಿಸಿ ಇತೊಯಿ ಅವರ ಕಲ್ಪನೆಗಳ ಬೇರು ಎಲ್ಲಿದೆ ಎಂದು ಹುಡುಕುವವರಿಗೆ ಇದು ರುಚಿಸುತ್ತದೆ. ಈ ಸರಣಿಯಿಂದ ಪ್ರೇರಿತವಾದ ‘ಅಂಡರ್‌ಟೇಲ್’ ಎಂಬ ಆಟವನ್ನು ಆಡಿ ಅದರ ಪೂರ್ವಜರನ್ನು ಅರಸುತ್ತ ಬಂದವರಿಗೂ ಇದನ್ನು ಹೇಳುತ್ತೇನೆ, ಏಕೆಂದರೆ ಕೊನೆಯ ವೈರಿಯನ್ನು ಹೊಡೆದು ಗೆಲ್ಲಲಾಗದು ಎಂಬ ಯೋಚನೆ ಇಲ್ಲಿ ಆಗಲೇ ಇದೆ. ದಾರಿ ತೋರುವ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡೇ ಆಡಿ, ಅದರಿಂದ ಯಾವ ಮಾನವೂ ಹೋಗುವುದಿಲ್ಲ.

ಎಲ್ಲಿ, ಹೇಗೆ ಆಡುವುದು

ಮೊದಲೆರಡೂ 2022ರ ಫೆಬ್ರುವರಿಯಿಂದ ನಿಂಟೆಂಡೊದ ಸ್ವಿಚ್ ಯಂತ್ರದಲ್ಲಿ ಹಳೆಯ ಆಟಗಳನ್ನೂ ಆಡಲು ಕೊಡುವ ‘ನಿಂಟೆಂಡೊ ಸ್ವಿಚ್ ಆನ್‌ಲೈನ್’ ಸೇವೆಯ ಚಂದಾದಾರರಿಗೆ ಸಿಗುತ್ತಿವೆ. ಸಾಮಾನ್ಯ ಚಂದಾ ಸಾಕು. ಭಾರತದಲ್ಲಿರುವವರು ಬಹುತೇಕ ಬೇರೆ ದೇಶದ ಖಾತೆಯ ಮೂಲಕವೇ ಇದನ್ನು ಪಡೆಯುತ್ತಾರೆ. ಮದರ್ 3 ಇದೇ ಸೇವೆಗೆ 2024ರ ಫೆಬ್ರುವರಿಯಲ್ಲಿ ಸೇರಿತು, ಆದರೆ ಜಪಾನಿನಲ್ಲಿ ಮಾತ್ರ, ಜಪಾನಿ ಭಾಷೆಯಲ್ಲಿ ಮಾತ್ರ. ಹೆಚ್ಚಿನ ದರದ ಚಂದಾವೂ ಬೇಕು. ಹಳೆಯ ಕಾರ್ಟ್ರಿಜ್ ಕೊಳ್ಳುವ ಆಸೆಯಿದ್ದರೆ ನಕಲಿಗಳ ಬಗ್ಗೆ ಎಚ್ಚರವಿರಲಿ. ಅರ್ಥ್‌ಬೌಂಡ್ ತನ್ನೊಳಗೇ ನಕಲು ಪತ್ತೆಯ ಏರ್ಪಾಡನ್ನು ಹೊತ್ತಿದೆ. ಅದು ಎಚ್ಚೆತ್ತರೆ ದಾರಿ ತುಂಬ ವೈರಿಗಳನ್ನು ಸುರಿಸಿ, ಕೊನೆಯ ಕಾದಾಟದ ನಡುವೆ ಆಟವನ್ನು ನಿಲ್ಲಿಸಿ, ಉಳಿಸಿಟ್ಟದ್ದನ್ನೆಲ್ಲ ಅಳಿಸಿಹಾಕುತ್ತದೆ.

ಸ್ವಿಚ್‌ನಲ್ಲಿ ಆಡುವಾಗ ಆಟವನ್ನು ಕೆಲವು ಕ್ಷಣ ಹಿಂದಕ್ಕೆ ಸರಿಸುವ ರೀವೈಂಡ್ ಸೌಲಭ್ಯವಿದೆ. ಒಂದನೆಯದರಲ್ಲಿ ಅದನ್ನು ಧಾರಾಳವಾಗಿ ಬಳಸಿ. ಎರಡನೆಯದರಲ್ಲಿ ಅದನ್ನು ಮುಟ್ಟದಿರುವುದೇ ಲೇಸು, ಏಕೆಂದರೆ ಸೋಲನ್ನು ಅಳಿಸಬಹುದೆಂದು ಗೊತ್ತಾದ ಮೇಲೆ ಉರುಳುವ ಅಂಕಿಗೆ ಯಾರೂ ಹೆದರುವುದಿಲ್ಲ. ಮೂರನೆಯದನ್ನು ದೊಡ್ಡ ಟಿವಿಯ ಬದಲು ಸ್ವಿಚ್ಚನ್ನು ಕೈಯಲ್ಲಿ ಹಿಡಿದು, ಸಾಧ್ಯವಾದರೆ ತಂತಿಯ ಇಯರ್‌ಫೋನ್ ಹಾಕಿಕೊಂಡು ಆಡಿ. ಹಲವು ಟಿವಿಗಳಲ್ಲಿ ಚಿತ್ರವೂ ಸದ್ದೂ ಕ್ಷಣದ ಒಂದು ಪಾಲಿನಷ್ಟು ತಡವಾಗಿ ಬರುವುದರಿಂದ ಎಷ್ಟೇ ಸರಿಯಾಗಿ ಒತ್ತಿದರೂ ತಾಳ ತಪ್ಪುತ್ತದೆ.